ಅಪ್ಪ ಉರ್ದುವಿನಲ್ಲಿ ಬರೆದ ಸಾಲುಗಳು

ಹಗ್ಗದ ಮೇಲೆ ಕೆಂಪು ಬಟ್ಟೆ ಕಂಡರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಮೊಮ್ಮಕ್ಕಳು ಮುಸಿಮುಸಿ ನಗುತ್ತಾರೆ. ನಗಲಿ, ಅವರಿಗೇನು ಗೊತ್ತು!

ಚಿತ್ತಾಪುರದಲ್ಲಿ ನಮ್ಮ ಮನೆಯ ಎದುರಿಗೇ ಒಬ್ಬ ಮುಸಲ್ಮಾನ ದರ್ಜಿಯ ಮನೆ, ಅದರ ಮುಂಭಾಗವೇ ಅಂಗಡಿ. ನಾವು ಮಕ್ಕಳು ಅವನನ್ನು ಚಾಚಾ ಅನ್ನುತ್ತಿದ್ದೆವು. ನಿಜಾಮನ ಆಳ್ವಿಕೆ ಮುಗಿಯಲಿಕ್ಕೆ ಬಂದಿದ್ದ ವರ್ಷ ಅದು. ನಿಜಾಮನ ಕಡೆಯ, ಖಾಕಿ ತೊಟ್ಟ ದಂಡುಗಳು ಊರೂರು ನುಗ್ಗಿ ಸುಲಿಯುತ್ತಿದ್ದವು, ಸುಡುತ್ತಿದ್ದವು. ಆ ಖಾಕಿ ಅಂಗಿಗಳನ್ನು ಹೊಲಿದು ಕೊಡುತ್ತಿದ್ದವನು ಇದೇ ಚಾಚಾ. ಒಲ್ಲೆ ಅಂದಿದ್ದರೆ ಅವನ ಕೈ ಉಳಿಯುತ್ತಿರಲಿಲ್ಲ. ಎಲ್ಲಿಗಾದರೂ ಹೊರಡುವ ಮುಂಚೆ ಅವರು ಬಂದು ಹೊಲಿಗೆಗೆ ಅವಸರ ಮಾಡುತ್ತಿದ್ದರು. ಮಾತಿನ ಭರದಲ್ಲಿ ಯಾವ ಕಡೆಗೆ ಅನ್ನುವುದನ್ನೂ ಬಾಯಿಬಿಡುತ್ತಿದ್ದರು. ನಮ್ಮ ಓಣಿಯ ಸುಳಿವು ಸಿಕ್ಕರೆ ಚಾಚಾ ಅಂಗಡಿಯ ಮುಂದಿನ ಹಗ್ಗದ ಮೇಲೆ ಒಂದು ಕೆಂಪು ಲಂಗ ತೂಗುಹಾಕುತ್ತಿದ್ದ. ಅದನ್ನು ಕಂಡದ್ದೇ ತಡ, ಅವ್ವ ಸುಳಿವು ಎಲ್ಲಿಯದೆಂದು ಹೇಳದೆ ಓಣಿಯ ಹೆಂಗಸರಿಗೆ ತಿಳಿಸಿ, ನಮ್ಮನ್ನು ಹಿತ್ತಲಿನಿಂದ ಹೊರಡಿಸಿಕೊಂಡು ಹಾಳುಬಿದ್ದ ಫರಸಿ ಕಲ್ಲಿನ ಖಣಿಗೆ ಓಡುತ್ತಿದ್ದಳು. ಅಲ್ಲಿ ಕಲ್ಲಿಗೆ ಬೆನ್ನು ಹಚ್ಚಿ ಕೂತು, ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಳ್ಳುತ್ತಿದ್ದೆವು.

ಆ ಲಂಗ ನನ್ನದು. ಅಪ್ಪ ಅರಿವೆ ತಂದು ನನಗೆಂದು ಹೊಲಿಯಲು ಕೊಟ್ಟದ್ದು. ಗಿರಾಕಿಯ ಬಟ್ಟೆ ಹಗ್ಗದ ಮೇಲಿದ್ದರೆ ಯಾರಿಗೆ ಸಂಶಯ? ಇದೆಲ್ಲ ನನಗೆ ಆಗ ಎಲ್ಲಿ ತಿಳಿಯಬೇಕು! ಸಿಟ್ಟು ನೆತ್ತಿಗೇರುತ್ತಿತ್ತು. ದಿನಾ ಹೋಗಿ ಜಗಳ ತೆಗೆಯುತ್ತಿದ್ದೆ.

"ಲಾಡಿ ಹಾಕೂದು ಬಾಕಿ ಅದ ಬೇಟಿ," ಅನ್ನುತ್ತಿದ್ದ ಚಾಚಾ, ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ. "ಲಾಡಿ ಇಲ್ಲದ ಲಂಗ ಉಟ್ಟರ ಓಣ್ಯಾಗ ಮಾನ ಹೋಗ್ತದ ನೋಡು."

"ಲಾಡಿ ಹಾಕಲಿಕ್ಕೂ ಬರಂಗಿಲ್ಲ, ನೀ ಎಂಥಾ ದರ್ಜಿ!" ಅಂದು ಓಡಿಬರುತ್ತಿದ್ದೆ.

ಅಪ್ಪ ಶಾಲೆಯ ಮಾಸ್ತರ. ಆ ತಿಂಗಳುಗಳಲ್ಲಿ ಅವನು ದಿನಚರಿ ಬರೆದ. ಕಾಗಿಣಾ ಹೊಳೆಯಾಚೆಯ ಒಂದು ಹಳ್ಳಿಯನ್ನು ಸುಟ್ಟದ್ದು, ಯಾವ ಮನೆಯಲ್ಲಿ ಯಾರು ಸತ್ತರು ಅನ್ನುವುದು, ಎಲ್ಲವನ್ನೂ ತಪ್ಪಿಸಿಕೊಂಡು ಬಂದವರ ಬಾಯಿಂದ ಕೇಳಿ ಬರೆದು, ನೆಲದೊಳಗಿನ ಜೋಳದ ಹಗೇವಿನಲ್ಲಿ ಬಚ್ಚಿಡುತ್ತಿದ್ದ. ಕಡೆಗೆ ಹಿಂದೂಸ್ತಾನದ ಫೌಜು ಬಂತು, ಖಾಕಿಯವರು ದಿಕ್ಕಾಪಾಲಾದರು. ಮರುವರ್ಷದ ಬೇಸಿಗೆಯಲ್ಲಿ ಅಪ್ಪ ಜ್ವರ ಬಂದು ತೀರಿಕೊಂಡ. ಆ ದುಃಖದಲ್ಲಿ ಲಂಗದ ಮಾತು ಯಾರೂ ಎತ್ತಲಿಲ್ಲ, ಅದು ಚಾಚಾನ ಹತ್ತಿರವೇ ಉಳಿಯಿತು.

ನನ್ನ ಅಣ್ಣ ಆ ದಿನಗಳಿಂದಲೂ ಶಹಾಬಾದಿನಲ್ಲಿ ಗುಮಾಸ್ತನಾಗಿದ್ದ, ಲಂಗದ ಗುಟ್ಟು ಅವನಿಗೆ ಗೊತ್ತಿರಲಿಲ್ಲ. ಕೆಲವು ವರ್ಷಗಳ ನಂತರ ಅವನು ಆ ದಿನಚರಿಯನ್ನು ಅಚ್ಚು ಹಾಕಿಸಿದ. ಚಿತ್ತಾಪುರದ ಸಂತೆ, ಸೇಡಂನ ಚಹಾದಂಗಡಿ, ವಾಡಿ ಸ್ಟೇಶನ್ನಿನ ಕಟ್ಟೆ, ಎಲ್ಲಿ ನೋಡಿದರೂ ಒಬ್ಬ ಓದುವುದು, ಸುತ್ತ ಕೂತವರು ಕೇಳುವುದು. ಸುಟ್ಟ ಹಳ್ಳಿಯ ಹೆಂಗಸರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ಅವರ ಮನೆಗಳಲ್ಲಿ ಸತ್ತವರ ಬಗ್ಗೆ ಬರೆದಿಟ್ಟವನು ಅಪ್ಪನೊಬ್ಬನೇ. ನಮಗೂ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ಆದರೆ ಪುಸ್ತಕದಲ್ಲಿ ಚಾಚಾನೂ ಇದ್ದ. ಎದುರು ಮನೆಯ ದರ್ಜಿ ದಂಡಿನವರ ಬಲಗೈ, ಅವರಿಗಾಗಿ ಮೈಮುರಿದು ಹೊಲಿಯುತ್ತಾನೆ, ನಮ್ಮ ಓಣಿಯ ಸುದ್ದಿಯೆಲ್ಲ ಅವರಿಗೆ ಮುಟ್ಟಿಸುವವನು ಇವನೇ, ಅಂತ ಮೇಲಿಂದ ಮೇಲೆ ಬರೆದಿತ್ತು.

ಮೊದಲು ಗಿರಾಕಿಗಳು ನಿಂತರು. ಆಮೇಲೆ ಯಾರೋ ಬಾವಿಕಟ್ಟೆಯ ಮೇಲೆ ಚಾಚಾನ ಹೆಂಡತಿಯ ಕೊಡ ಒಡೆದರು. ಸುಟ್ಟ ಹಳ್ಳಿಯ ಗಂಡಸರು ಸಂತೆಯ ದಿನ ಬಂದು ಅಂಗಡಿಯೆದುರು ಕೂರತೊಡಗಿದರು. ಬೈಯುತ್ತಿರಲಿಲ್ಲ, ಕಲ್ಲು ಒಗೆಯುತ್ತಿರಲಿಲ್ಲ. ಬೀಡಿ ಸೇದುತ್ತ ಚಾಚಾನ ಕೈಯನ್ನೇ ನೋಡುತ್ತ ಕೂರುತ್ತಿದ್ದರು. ಸಂತೆಯಿಂದ ಸಂತೆಗೆ ಅವರ ಗುಂಪು ದೊಡ್ಡದಾಗುತ್ತಿತ್ತು.

ಅವ್ವನಿಗೆ ಓದು ಬರುತ್ತಿರಲಿಲ್ಲ. ನಾನು ಆ ಸಾಲುಗಳನ್ನು ಓದಿ ಹೇಳಿದಾಗ ಹಣೆ ಹಣೆ ಬಡಿದುಕೊಂಡಳು. ಅಣ್ಣನನ್ನು ಕರೆಸಿದಳು.

"ದರ್ಜಿ ಮಾತು ನಿಮ್ಮಪ್ಪ ಯಾವ ಅಕ್ಷರದಾಗ ಬರದಿದ್ದ?"

"ಉರ್ದುದಾಗ. ಉಳಿದದ್ದೆಲ್ಲ ಕನ್ನಡ. ಉರ್ದು ಇದ್ದದ್ದು ನಾನೇ ಕನ್ನಡಕ್ಕ ತಂದೀನಿ."

"ಅವನ ಮಾತು ಬಂದಲ್ಲಿ ಅಷ್ಟೇ ಉರ್ದು ಯಾಕಂತ ನಿನಗ ಅನಿಸಲಿಲ್ಲೇನು?"

ಅಣ್ಣನದೂ ತಪ್ಪಲ್ಲ. ನಮ್ಮ ಕಡೆ ಕಚೇರಿ, ಶಾಲೆ ಎಲ್ಲ ಉರ್ದು, ಮನೆ ಕನ್ನಡ. ಒಂದರಲ್ಲಿ ಶುರುಮಾಡಿ ಇನ್ನೊಂದರಲ್ಲಿ ಮುಗಿಸುವುದು ಎಲ್ಲರ ರೂಢಿ. ಯಾರಿಗೂ ವಿಚಿತ್ರ ಅನಿಸುತ್ತಿರಲಿಲ್ಲ.

"ಮನಿ ಹೊಕ್ಕು ಝಡತಿ ಮಾಡಿ ಹುಡುಕಿದರ ಆ ಖಾಕಿಯವರಿಗೆ ಓದಲಿಕ್ಕೆ ಬರಲಿ ಅಂತ ನಿಮ್ಮಪ್ಪ ಬರದದ್ದು ಅದು!" ಅವ್ವನ ದನಿ ಒಡೆಯಿತು. "ದಿನಚರಿ ಸಿಕ್ಕರ ನನ್ನ ಕುತ್ತಿಗಿ ಹೋಗಲಿ, ದರ್ಜೀದು ಉಳೀಲಿ ಅಂದಿದ್ದ. ನಮ್ಮನ್ನ ಬದುಕಿಸಿದಾವ ಅವ. ಹಾಂಗಂತ ಅಚ್ಚು ಹಾಕಸು."

ಅಣ್ಣನ ಮುಖ ಬಿಳಿಚಿತು. ಅವನು ಹೇಳಿದ: "ಅಪ್ಪ ಇದೊಂದು ಸುಳ್ಳ ಬರದಾನ ಅಂದ್ರ ಉಳಿದದ್ದೂ ಸುಳ್ಳ ಅಂತಾರವ್ವ. ಆ ಹಳ್ಳಿ ಸತ್ತವರಿಗೆ ಬ್ಯಾರೆ ಸಾಕ್ಷಿ ಎಲ್ಲಿ ಅದ?"

ಅವನು ಕೆಟ್ಟವನಲ್ಲ. ಆದರೂ ಆ ಮಾತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಅವ್ವ ತಾನೇ ಹೋಗಿ ಆ ಗಂಡಸರಿಗೆ ಹೇಳಿದಳು. ಅವರು ಬೀಡಿ ಆರಿಸಿ, ಎದ್ದು ನಿಂತು ಕೇಳಿದರು. "ನಿಮ್ಮ ಮನಸು ಭಾಳ ದೊಡ್ಡದರಿ ಯವ್ವಾ," ಅಂದ ಅವರಲ್ಲೊಬ್ಬ ಮುದುಕ. "ಆದ್ರ ಮಾಸ್ತರು ಸುಳ್ಳ ಬರಿಯೋ ಮನಷ್ಯಾ ಅಲ್ಲ." ಮತ್ತೆ ಕೂತರು.

ಮರುದಿನ ಚಾಚಾ ನನ್ನನ್ನು ಕರೆದು ಆ ಪುಟ ಓದು ಅಂದ. ಅವನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲ. ನಾನು ನಿಲ್ಲಿಸಿ ನಿಲ್ಲಿಸಿ ಓದಿದೆ. ಅವನು ಕಣ್ಣು ಮುಚ್ಚಿ ಕೇಳಿದ.

"ವಾಹ್! ಮಾಸ್ತರ್ ಸಾಬ್ ಏನ್ ಛಲೋ ಬರದಾರ! ಯಾರಾದ್ರೂ ನಂಬಬೇಕು," ಅಂದು ನಕ್ಕ. "ಇದು ನಾವಿಬ್ಬರೂ ಕೂಡೇ ಕುಂತು ಬರದದ್ದು ಬೇಟಿ. ಬಲಗೈ ಅನ್ನೂ ಮಾತು ನಂದೇ."

ನನಗೆ ಅಳು ತಡೆಯಲಾಗಲಿಲ್ಲ. ನೀ ಭಾಳ ಎತ್ತರ ಆದಿ ಅಂತ ನನ್ನ ತಲೆ ಮುಟ್ಟಿ ಕಳಿಸಿದ.

ಮುಂದಿನ ಸಂತೆಯ ದಿನ ಬೆಳಿಗ್ಗೆ ಅವ್ವ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ತಟ್ಟನೆ ನಿಂತಿತು. ಎದುರಿನ ಹಗ್ಗದ ಮೇಲೆ ಕೆಂಪು ಲಂಗ. ಎಷ್ಟೋ ವರ್ಷಗಳಿಂದ ಅದು ಅಲ್ಲಿ ಕಂಡಿರಲಿಲ್ಲ. ಹಳೆಯ ಅಭ್ಯಾಸಕ್ಕೆ ಅವ್ವ ನನ್ನ ರಟ್ಟೆ ಹಿಡಿದು ಹಿತ್ತಲ ಕಡೆ ಎಳೆದಳು. ಎಳೆದವಳು ಅಲ್ಲೇ ನಿಂತಳು. ಈ ಸಲ ಓಡಬೇಕಾದವರು ನಾವಲ್ಲ.

ಇಬ್ಬರೂ ಓಣಿ ದಾಟಿ ಓಡಿದೆವು. ಬಾಗಿಲಿಗೆ ಬರೀ ಚಿಲಕ. ಹೊಲಿಗೆ ಮಿಷನ್ ಇರಲಿಲ್ಲ, ಒಲೆ ತಣ್ಣಗಿತ್ತು. ವಾಡಿಯಲ್ಲಿ ರೈಲು ಹತ್ತಿದರು ಅಂತ ಆಮೇಲೆ ಕೆಲವರಂದರು, ಚಿಂಚೋಳಿಯ ಕಡೆ ಹೋದರು ಅಂತ ಕೆಲವರು.

ಬಿಸಿಲೇರುವ ಹೊತ್ತಿಗೆ ಆ ಗಂಡಸರು ಬಂದರು. ಅವತ್ತು ಅವರ ಕೈಯಲ್ಲಿ ಬೀಡಿ ಇರಲಿಲ್ಲ, ಸೀಮೆಎಣ್ಣೆ ಡಬ್ಬಿಗಳಿದ್ದವು. ಅವ್ವ ಚಾಚಾನ ಹೊಸ್ತಿಲ ಮೇಲೆ ಕೂತಿದ್ದಳು, ಏಳಲಿಲ್ಲ. ಮಾಸ್ತರ ಹೆಂಡತಿಯ ಮೇಲೆ ಎಣ್ಣೆ ಸುರಿಯಲಾರದೆ ಅವರು ಹೊರಟುಹೋದರು. ಅಪ್ಪನ ಪುಸ್ತಕ ಆಮೇಲೆ ಮತ್ತೆ ಮತ್ತೆ ಅಚ್ಚಾಯಿತು. ಆ ಸಾಲುಗಳು ಹಾಗೇ ಇವೆ.

ಓಣಿ ಖಾಲಿಯಾದ ಮೇಲೆ ನಾನು ಲಂಗವನ್ನು ಹಗ್ಗದಿಂದ ಇಳಿಸಿದೆ. ಮೈಗೆ ಹಿಡಿದು ನೋಡಿದರೆ ಮೊಣಕಾಲು ದಾಟುತ್ತಿರಲಿಲ್ಲ. ಸೊಂಟದ ಪಟ್ಟಿಯಲ್ಲಿ ಬೆರಳಾಡಿಸಿದೆ. ಲಾಡಿ ಹಾಕಿದ್ದ.