ನಂಬರಿಲ್ಲದ ಕನ್ನಡಕ

ಉಪ್ಪುಂದದ ಕುಸುಮ ಮಗಳಿಗೆ ಕನ್ನಡಕ ಹಾಕಿಸಿದಾಗ, ಗೇರುಬೀಜದ ಫ್ಯಾಕ್ಟರಿಯಲ್ಲಿ ಅವಳ ಪಕ್ಕ ಕೂತು ಸಿಪ್ಪೆ ಬಿಡಿಸುವ ಹೆಂಗಸರೆಲ್ಲ ‘ಪಾಪ’ ಅಂದರು. ಆ ಒಂದು ಪಾಪಕ್ಕಾಗಿಯೇ ಅವಳು ಅಷ್ಟೆಲ್ಲ ಮಾಡಿದ್ದು. ನಮ್ಮ ಕಡೆ ಮಕ್ಕಳಿಗೆ ಕಣ್ಣು ಮಂಜಾದರೆ ಪಾಪ ಅನ್ನುತ್ತಾರೆ. ಅಕ್ಷರ ತಲೆಗೆ ಹತ್ತದಿದ್ದರೆ ಮಾತ್ರ ಮೊದಲು ತಾಯಿಯ ಮುಖ ನೋಡುತ್ತಾರೆ, ಆಮೇಲೆ ಅವಳ ತವರಿನಲ್ಲಿ ಯಾರ್ಯಾರು ದಡ್ಡರಿದ್ದರೆಂದು ನೆನಪು ಮಾಡಿಕೊಳ್ಳುತ್ತಾರೆ. ಇಂಥ ವಿಷಯದಲ್ಲಿ ನಮ್ಮೂರಿನವರ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ.

ಮಗಳ ಹೆಸರು ನಿಖಿತಾ. ಮಾತಿನಲ್ಲಿ ಚುರುಕು, ಒಮ್ಮೆ ಕೇಳಿದ ಪಾಠವನ್ನು ಹಾಗೇ ಒಪ್ಪಿಸುತ್ತಾಳೆ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ಒಂದೊಂದೇ ಅಕ್ಷರಕ್ಕೆ ತಡವರಿಸಿ, ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲಿನದು ಮರೆತು, ಬೆವರಿ ನಿಲ್ಲುತ್ತಾಳೆ. ಹೇಗೋ ಎಂಟನೇ ಕ್ಲಾಸಿಗೆ ಬಂದಿದ್ದಳು. ತಂದೆ ರಾಜೇಂದ್ರ ಗಂಗೊಳ್ಳಿಯ ಬೋಟಿಗೆ ಹೋಗುವವನು, ಮನೆಗೆ ಬಂದ ದಿನ ಬರೀ ನಿದ್ದೆ. ಹಾಗಾಗಿ ಮಗಳ ಓದಿನ ಚಿಂತೆ ಕುಸುಮಳೊಬ್ಬಳದೇ. ಫ್ಯಾಕ್ಟರಿಯಲ್ಲಿ ಪಕ್ಕ ಕೂರುವ ಸರೋಜಳಿಗೆ ತನ್ನ ಮಗ ರೋಷನ್‌ನ ಮಾರ್ಕು ಹೇಳದಿದ್ದರೆ ಕೈಯೇ ಓಡುವುದಿಲ್ಲ. ಅವನೂ ನಿಖಿತಾಳ ಕ್ಲಾಸೇ. ಸರೋಜ ಶಾಲೆ ಅಂತ ಬಾಯಿ ತೆರೆದರೆ ಸಾಕು, ಕುಸುಮ ಕುಂಬಳಕಾಯಿ ಕಳ್ಳಿಯ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಹೀಗಿರುವಾಗ ಕ್ಲಾಸಿನ ಮಾಸ್ತರರು, ಒಮ್ಮೆ ಕಣ್ಣು ತೋರಿಸಿ ನೋಡಿ, ಅಂದರು. ಕುಸುಮಳಿಗೆ ಹೋದ ಜೀವ ಬಂದ ಹಾಗಾಯಿತು. ಡಾಕ್ಟರ ಹತ್ತಿರ ಹೋಗುವ ಮೊದಲೇ ಫ್ಯಾಕ್ಟರಿಯಲ್ಲಿ ಸಾರಿಬಿಟ್ಟಳು.

“ಕಣ್ಣ್ ಮಂಜ್ ಅಂಬ್ರ್ ಮಾರಾಯ್ತಿ. ಅದ್ಕೇ ಓದುಕೆ ಆತಿಲ್ಲೆ.”

ಕುಂದಾಪುರದ ಕಣ್ಣಿನ ಡಾಕ್ಟರು ದೀಪ ಹಿಡಿದು ಅತ್ತಿತ್ತ ನೋಡಿ, “ಇವಳ ಕಣ್ಣಿಗೆ ಏನೂ ಆಗಿಲ್ಲಮ್ಮ, ಕನ್ನಡಕ ಬೇಡ” ಅಂದುಬಿಟ್ಟರು. ಬೇರೆ ತಾಯಿಯಾಗಿದ್ದರೆ ದೇವರಿಗೆ ಕೈಮುಗಿಯುತ್ತಿದ್ದಳು. ಕುಸುಮಳಿಗೆ ಅಳು ಬಂತು. ನಾಳೆ ಸರೋಜಳಿಗೆ ಏನು ಹೇಳುವುದು? ಮಗಳ ಕೈ ಹಿಡಿದು ಎದುರಿನ ಕನ್ನಡಕದ ಅಂಗಡಿಗೆ ಹೊಕ್ಕು, ನಂಬರಿಲ್ಲದ್ದು ಒಂದು ಕೊಡಿ ಎಂದು ಕದ್ದವಳ ಹಾಗೆ ಕೇಳಿದಳು. ಷೋಕಿಗಾ, ಎಂದು ಅಂಗಡಿಯವನು ನಕ್ಕ. ಅವಳು ಹ್ಞೂಂ ಅಂದಳು.

ಬಸ್ಸಿನಲ್ಲಿ ನಿಖಿತಾ ಕನ್ನಡಕ ಹಾಕಿ ತೆಗೆದು ನೋಡಿದಳು.

“ಅಮ್ಮ, ಇದ್ ಹಾಕ್ರೂ ಮೊದ್ಲಿನ್ ಹಾಂಗೇ ಕಾಣತ್ತ್.”

“ಬಾಯ್ ಮುಚ್ಕಂಡ್ ಕೂಕೋ. ಯಾರ್ ಕೇಂಡ್ರೂ ಕಣ್ಣ್ ಮಂಜ್ ಅನ್ಕ್.”

ಹುಡುಗಿ ಮತ್ತೆ ಆ ಮಾತೆತ್ತಲಿಲ್ಲ.

ಕನ್ನಡಕದಿಂದ ಆದ ಉಪಕಾರ ಇಷ್ಟೇ: ಅವಳನ್ನು ಮುಂದಿನ ಬೆಂಚಿಗೆ ಕೂರಿಸಿದರು. ಈಗ ಕಾಣುತ್ತದಲ್ಲ, ಓದು ಅಂದರು. ಮೊದಲು ತಡವರಿಸಿದರೆ ಸುಮ್ಮನಾಗುತ್ತಿದ್ದ ಮಾಸ್ತರರು ಈಗ ಉದಾಸೀನದವಳು ಎಂದು ಬೈಯತೊಡಗಿದರು. ಬೆಳಗಾದರೆ ಅವಳಿಗೆ ಹೊಟ್ಟೆನೋವು. ಕುಸುಮಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಆದರೂ ಕನ್ನಡಕ ಮರೆತು ಹೊರಟ ಮಗಳನ್ನು ಅಂಗಳದ ಬೇಲಿಯ ದಣಪೆಯಿಂದ ವಾಪಸು ಕರೆದು ತಾನೇ ಹಾಕಿ ಕಳಿಸುತ್ತಿದ್ದಳು. ಮರ್ಯಾದೆ ಅನ್ನುವುದು ಏನೇನು ಮಾಡಿಸುತ್ತದೆ ನೋಡಿ.

ಒಂಬತ್ತನೇ ಕ್ಲಾಸಿನ ನಡುವೆ ಆ ಶಾಲೆಗೆ ಸ್ನೇಹಲತಾ ಅನ್ನುವ ವಿಶೇಷ ಶಿಕ್ಷಕಿ ಬರತೊಡಗಿದರು. ಓದು ಬರಹ ಕಷ್ಟವಾದ ಮಕ್ಕಳನ್ನು ಬೇರೆ ಕೂರಿಸಿಕೊಂಡು ಕಲಿಸುವವರು. ಪಾಲಕರ ಸಭೆಯ ದಿನ ಅವರು ಕುಸುಮಳನ್ನೂ ನಿಖಿತಾಳನ್ನೂ ಒಳಗೆ ಕರೆದರು. ಬಾಗಿಲು ತೆರೆದೇ ಇತ್ತು. ಹೊರಗೆ ಜಗಲಿಯ ಬೆಂಚಿನಲ್ಲಿ ಸರೋಜ ಮತ್ತು ಇನ್ನಷ್ಟು ತಾಯಂದಿರು.

“ಕಾಣಿ ಅಮ್ಮ, ನಿಮ್ಮ್ ಹೆಣ್ಣ್ ದಡ್ಡಿ ಅಲ್ಲ” ಅಂದರು ಸ್ನೇಹಲತಾ. “ಕೆಲವು ಮಕ್ಕಳಿಗೆ ಅಕ್ಷರ ಹಿಡಿಯುದೇ ಕಷ್ಟ. ಅಂಥವ್ರಿಗೆ ಬೇರೆ ರೀತಿ ಕಲಿಸ್ಕ್. ಹತ್ತನೇ ಪರೀಕ್ಷೆಯಗೆ ಹೆಚ್ಚ್ ಸಮಯ ಸಿಕ್ಕತ್ತ್, ಅವ್ಳ್ ಹೇಳಿದ್ದನ್ನ್ ಬರೆಯುಕೆ ಜನವೂ ಸಿಕ್ಕತ್ತ್. ಉಡುಪಿ ಜಿಲ್ಲಾಸ್ಪತ್ರೆಯಗೆ ತೋರ್ಸಿ ಸರ್ಟಿಫಿಕೇಟ್ ಮಾಡಿಸ್ಕ್. ಆದ್ರೆ ಕನ್ನಡಕ ಇತ್ತಲೆ? ಕಣ್ಣಿಂದಲೇ ಹೀಂಗ್ ಆಪ್ದಾದ್ರೆ ಇದ್ಯಾವ್ದೂ ಸಿಕ್ಕುದಿಲ್ಲೆ. ಕಣ್ಣಿನ್ ಡಾಕ್ಟ್ರ್ ಎಂತ ಹೇಳೀರ್?”

ಕುಸುಮ ಬಾಗಿಲ ಕಡೆ ನೋಡಿದಳು. ಸರೋಜ ಇತ್ತಲೇ ಕಿವಿಕೊಟ್ಟು ಕೂತಿದ್ದಳು. ಟೀಚರು ಕಾದರು, ಆಮೇಲೆ ನಿಖಿತಾಳ ಕನ್ನಡಕ ತೆಗೆದು ಬೆಳಕಿಗೆ ಹಿಡಿದರು. ಗಾಜಿನ ಆಚೆಗಿನ ಕಿಟಕಿ ಇದ್ದ ಹಾಗೇ ಕಂಡಿರಬೇಕು. ಅವರ ಹುಬ್ಬು ಗಂಟಾಯಿತು.

ಅಷ್ಟರಲ್ಲಿ ನಿಖಿತಾ ಎದ್ದು ನಿಂತಳು. “ನಾನೇ ಟೀಚರ್. ಷೋಕಿಗೆ ಹಟ ಮಾಡಿ ತೆಗ್ಸ್‌ಕಂಡದ್ದ್. ಡಾಕ್ಟ್ರ್ ಕಣ್ಣ್ ಮಂಜ್ ಅಂದ್ರ್ ಅಂದೇಳಿ ಅಮ್ಮಂಗೆ ಸುಳ್ಳ್ ಹೇಳಿದ್ದೆ. ಅಮ್ಮಂಗೆ ಎಂತದೂ ಗೊತ್ತಿಲ್ಲೆ.”

ಒಂದು ಸಾಲು ಓದಲಾಗದೆ ತಡವರಿಸುವ ಹುಡುಗಿ ಇಷ್ಟು ಸುಳ್ಳನ್ನು ಎಲ್ಲೂ ನಿಲ್ಲಿಸದೆ ಹೇಳಿದ್ದಳು. ಕುಸುಮಳಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಈವರೆಗೆ ಮಗಳಿಂದಾಗಿ ನಾಚಿದ್ದೇ ನಾಚಿಕೆ ಅಂದುಕೊಂಡಿದ್ದಳು. ತನ್ನ ಬಗ್ಗೆ ತನಗೇ ಆಗುವ ನಾಚಿಕೆಯ ಮುಂದೆ ಅದು ಏನೂ ಅಲ್ಲ.

“ಅಲ್ಲ ಟೀಚರ್” ಅಂದಳು. ಸ್ವರ ಗಟ್ಟಿಯಾಗಿಯೇ ಬಂತು. “ನಾನ್ ಹಾಕ್ಸಿದ್ದ್. ಇವ್ಳ್ ಕಣ್ಣ್ ಸರಿ ಇತ್ತ್ ಅಂದೇಳಿ ಡಾಕ್ಟ್ರ್ ಆವತ್ತೇ ಹೇಳೀರ್. ಇವ್ಳಿಗೆ ಓದುಕೆ ಬತ್ತಿಲ್ಲೆ. ಅದನ್ನ್ ಹೇಳುಕೆ ನಂಗ್ ನಾಚ್ಕಿ ಆಯ್ತ್.”

ಸ್ನೇಹಲತಾ ಬೈಯಲಿಲ್ಲ. ಉಡುಪಿಗೆ ಯಾವ ದಿನ ಹೋಗಬೇಕು, ಯಾರನ್ನು ಕಾಣಬೇಕು ಎಂದಷ್ಟೇ ಹೇಳಿ ಕಳಿಸಿದರು. ಹೊರಗೆ ಸರೋಜ ಸರಿದು ದಾರಿ ಬಿಟ್ಟಳು.

ಮನೆಯ ಹಾದಿಯಲ್ಲಿ ನೋಡಿದರೆ ಹುಡುಗಿ ಮತ್ತೆ ಕನ್ನಡಕ ಹಾಕಿಕೊಂಡಿದ್ದಳು. ತೆಗೆ ಎಂದು ಯಾರೂ ಹೇಳಿರಲಿಲ್ಲವಲ್ಲ. ಕುಸುಮ ಅದನ್ನು ತಾನೇ ತೆಗೆದಳು. ಮೂಗಿನ ಎರಡು ಬದಿಗೂ ಕಪ್ಪು ಕಲೆ ಬಿದ್ದಿತ್ತು. ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ.

“ಉಜ್ಜಬ್ಯಾಡ ಅಮ್ಮ, ನೋವಾತ್ತ್.”

“ನೋವಾತ್ತ್ ಅಂದೇಳಿ ಇಷ್ಟ್ ದಿನ ಹೇಳುಕಾಯ್ಲಿಲ್ಯಾ?”

“ಹೇಳ್ರೆ ನಿಂಗ್ ನಾಚ್ಕಿ ಆತ್ತಲೆ” ಅಂದಳು ನಿಖಿತಾ.