ಸೊನ್ನೆ ತೋರಿಸಿದ ಮೀಟರು

ಗೆಳೆಯರೇ, ಇವತ್ತು ನಮ್ಮ ಅಡುಗೆಮನೆಯಲ್ಲಿ ಒಂದು ಜೀವ ಉಳಿಯಿತು. ಹಾರ, ಶಾಲು ಏನೂ ಬೇಡ.

ವಾಷಿಂಗ್ ಮೆಷಿನ್ ನಿಂತಿತ್ತು. ಎದುರು ಫ್ಲ್ಯಾಟಿನ ಹಮೀದ್ ಭಾಯ್ ತಮ್ಮ ಡಿಜಿಟಲ್ ಮಲ್ಟಿಮೀಟರ್ ಹಿಡಿದು ಬಂದರು. ಊರಾಚೆ ಮುಸಫ್ಫಾ ಕೈಗಾರಿಕಾ ಪ್ರದೇಶದ ಗ್ಯಾರೇಜಿನಲ್ಲಿ ದಿನವಿಡೀ ಕಾರುಗಳ ಬ್ಯಾಟರಿ, ವಯರಿಂಗ್ ನೋಡುವವರು. ಸಾಕೆಟ್ ಬಿಚ್ಚಿ ಮೀಟರಿನ ಎರಡು ಕಡ್ಡಿ ತಾಗಿಸಿದರು. ಸೊನ್ನೆ.

“ಕರೆಂಟ್ ಮಾಫಿ, ಇಲ್ಲವೇ ಇಲ್ಲ, ಸಿಸ್ಟರ್. ಒಳಗೆ ವಯರ್ ಕಟ್ ಆದದ್ದು,” ಎಂದು ಬರಿಗೈ ಹಾಕಲು ಹೊರಟರು.

“ನಿಲ್ಲಿ!” ಎಂದು ಕಿರುಚಿದೆ. ನಾನು ನರ್ಸ್. ನಮ್ಮ ವಾರ್ಡಿನಲ್ಲಿ ಮೆಷಿನ್ ಸೊನ್ನೆ ತೋರಿಸಿದರೆ ರೋಗಿ ಹೋದರು ಎನ್ನುವುದಿಲ್ಲ; ಮೊದಲು ಮೆಷಿನ್ ಸರಿಯಿದೆಯೇ ಎಂದು ನೋಡುತ್ತೇವೆ. “ಮೀಟರನ್ನು ಆ ಫ್ರಿಜ್ಜಿನ ಜೋಡಿ ಸಾಕೆಟ್‌ನ ಖಾಲಿ ಕಡೆಗೆ ಹಾಕಿ ನೋಡಿ.”

“ಇಪ್ಪತ್ತು ವರ್ಷ ಇದನ್ನೇ ಮಾಡಿದ್ದು ನಾನು. ನೀವು ನನಗೆ ಕಲಿಸುವುದಾ?” ಎಂದು ಸಿಟ್ಟಾದರೂ ಹಾಕಿದರು. ಪಕ್ಕದಲ್ಲೇ ಫ್ರಿಜ್ ಗುಂಯ್ ಎನ್ನುತ್ತಿತ್ತು. ಮೀಟರ್ ಅಲ್ಲಿಯೂ ಸೊನ್ನೆ ಎಂದಿತು.

ಹಮೀದ್ ಭಾಯ್ ಮುಖ ಬಿಳಿಚಿತು. ಮೀಟರಿನ ಗುಂಡಿ ಕಾರ್ ಬ್ಯಾಟರಿ ನೋಡುವ ಡಿಸಿಯಲ್ಲೇ ಇತ್ತು! ಮನೆ ಕರೆಂಟ್ ನೋಡುವ ಎಸಿಗೆ ತಿರುಗಿಸಿ, ಬಿಚ್ಚಿಟ್ಟ ಸಾಕೆಟ್‌ಗೆ ಮತ್ತೆ ತಾಗಿಸಿದರು: ಇನ್ನೂರ ಮೂವತ್ತೊಂದು ವೋಲ್ಟ್. ಹಾಳಾಗಿದ್ದದ್ದು ವಾಷಿಂಗ್ ಮೆಷಿನ್ ಪ್ಲಗ್ಗಿನೊಳಗಿನ ಪುಟ್ಟ ಫ್ಯೂಸ್ ಮಾತ್ರ.

ಚಹಾ ಕೊಟ್ಟೆ. ಮೆಷಿನ್ ತಂದು ಅವರ ಬಿಪಿಯನ್ನೂ ನೋಡಿದೆ. “ಸ್ವಲ್ಪ ಜಾಸ್ತಿ ಉಂಟು,” ಎಂದೆ.

“ಮೊದಲು ನಿಮ್ಮ ಮೆಷಿನ್ ಸರಿ ಉಂಟಾ ನೋಡಿ, ಸಿಸ್ಟರ್.”

ನ್ಯಾಯವಾದ ಮಾತು. ನನ್ನ ತೋಳಿಗೇ ಕಟ್ಟಿ ನೋಡಿದೆ. ನನ್ನದು ಅವರದ್ದಕ್ಕಿಂತ ಜಾಸ್ತಿ ಇತ್ತು.