ಹರಿಯದ ಮೂಲೆ

ಮಾಸ್ಕ್ ಹಾಕಿಕೊಂಡೇ ಆಫೀಸಿಗೆ ಹೋಗುತ್ತಿದ್ದ ವರ್ಷ ಅದು. ಸ್ಟೀಲ್ ಶೀಟನ್ನು ಅಚ್ಚಿನಲ್ಲಿ ಒತ್ತಿ ಬ್ಯಾಟರಿಗೆ ಆಳವಾದ ಮುಚ್ಚಳ ಮಾಡಬೇಕಿತ್ತು. ಒತ್ತುವಾಗ ಶೀಟು ಎಲ್ಲಿ ಹಿಗ್ಗುತ್ತದೆ, ಎಲ್ಲಿ ಸೀಳಿ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಮೊದಲೇ ಲೆಕ್ಕಹಾಕುವುದು ನನ್ನ ಕೆಲಸ. ಪ್ರತಿ ಸಲ ರನ್ ಮಾಡಿದಾಗಲೂ ಒಂದು ಮೂಲೆ ಹರಿಯುತ್ತಿತ್ತು. ಅಚ್ಚಿನ ಆ ಮೂಲೆಯನ್ನು ತೇಯ್ದು ಇನ್ನಷ್ಟು ದುಂಡಗೆ ಮಾಡಿ ಎಂದು ರಿಪೋರ್ಟ್ ಕಳಿಸಿದೆ.

ಶೀಟು ಒತ್ತುವ ಲಾಸ್ ಏಂಜಲೀಸ್‌ನ ಪ್ರೆಸ್ ಶಾಪಿನಿಂದ ಅಚ್ಚು ಮಾಡುವಾಕೆ ಫೋನ್ ಮಾಡಿದಳು. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು.

"ಇಂಥ ಮೂಲೆ ಎಷ್ಟೋ ಒತ್ತಿದ್ದೀನಿ. ಹರಿಯಲ್ಲ."

"ಸಾಫ್ಟ್‌ವೇರ್ ಹರಿಯುತ್ತೆ ಅಂತಿದೆ," ಎಂದೆ, ಸ್ವಲ್ಪ ಬಿರುಸಾಗಿಯೇ.

"ಸರಿ," ಎಂದು ಇಟ್ಟುಬಿಟ್ಟಳು.

ಆ ಶನಿವಾರ ಮಗಳನ್ನು ಮನೆ ಹತ್ತಿರದ ಕಾರ್ಮೆಲ್ ವ್ಯಾಲಿಯ ಡ್ಯಾನ್ಸ್ ಕ್ಲಾಸಿಗೆ ಬಿಟ್ಟು, ಪಾರ್ಕಿಂಗಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದೆ. ಎಳೆದಂತೆಲ್ಲ ಸ್ಟೀಲು ಎಷ್ಟು ಗಟ್ಟಿಯಾಗುತ್ತದೆಂದು ತೋರಿಸುವ ಗ್ರಾಫನ್ನು ಸುಮ್ಮನೆ ತೆಗೆದೆ. ಗೆರೆ ಏರಿ, ಆಮೇಲೆ ಇಳಿದಿತ್ತು. ಇಳಿಯಬಾರದಿತ್ತು.

ಎಳೆದಂತೆಲ್ಲ ಲೋಹದ ಪಟ್ಟಿ ಸಪೂರವಾಗುತ್ತದೆ. ಎಳೆಯುವ ಬಲವನ್ನು ಪಟ್ಟಿಯ ಆ ಕ್ಷಣದ ಅಡ್ಡಕೊಯ್ತದ ವಿಸ್ತೀರ್ಣದಿಂದ ಭಾಗಿಸಬೇಕು. ಪಟ್ಟಿ ಎಳೆದು ಪರೀಕ್ಷಿಸಿದ ಲ್ಯಾಬಿನವರು ತಮ್ಮ ರೂಢಿಯಂತೆ ಮೊದಲಿದ್ದ ವಿಸ್ತೀರ್ಣದಿಂದ ಭಾಗಿಸಿದ್ದರು. ಅದನ್ನು ಬದಲಿಸಿಕೊಳ್ಳುವುದು ನನ್ನ ಜವಾಬ್ದಾರಿ. ಮರೆತು ಸಾಫ್ಟ್‌ವೇರಿಗೆ ಹಾಗೇ ತುಂಬಿಬಿಟ್ಟಿದ್ದೆ. ಹಿಗ್ಗಿದಷ್ಟೂ ಗಟ್ಟಿಯಾಗುವ ಸ್ಟೀಲು ನನ್ನ ಕಂಪ್ಯೂಟರಿನಲ್ಲಿ ಮೆತ್ತಗಾಗುತ್ತಾ ಹೋಗಿತ್ತು. ಇನ್ನು ಹರಿಯದೆ ಏನು ಮಾಡೀತು?

ತೇಯ್ದ ಅಚ್ಚಿಗೆ ಮತ್ತೆ ಉಕ್ಕು ಸೇರಿಸುವುದು ಸುಲಭವಲ್ಲ. ತಕ್ಷಣ ಆಕೆಗೆ ಫೋನ್ ಮಾಡಿದೆ.

"ಮೂಲೆ ತೇಯ್ದಾಯ್ತಾ?"

"ಇಲ್ಲ. ಸೋಮವಾರ ಒಂದು ಶೀಟು ಒತ್ತಿ ನೋಡಿ, ಆಮೇಲೆ ಮುಟ್ಟೋಣ ಅಂತ ಬಿಟ್ಟಿದ್ದೀನಿ."

ಸ್ಟೀರಿಂಗಿಗೆ ಹಣೆ ಇಟ್ಟುಕೊಂಡು ಕೂತುಬಿಟ್ಟೆ. ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಕ್ಲಾಸು ಮುಗಿಸಿ ಬಂದ ಮಗಳು ಕಿಟಕಿ ತಟ್ಟಿ, "ಆರ್ ಯೂ ಓಕೆ, ಅಮ್ಮಾ?" ಎಂದಳು.

ಭಾನುವಾರ ಸರಿಯಾದ ಗ್ರಾಫ್ ಹಾಕಿ ರನ್ ಮಾಡಿದೆ. ಮೂಲೆ ಹರಿಯಲಿಲ್ಲ. ಹುಬ್ಬಳ್ಳಿ ಕಡೆಯವರಾದ ನಮ್ಮ ಟೀಮ್ ಲೀಡಿಗೆ ಫೋನ್ ಮಾಡಿ, "ತಪ್ಪು ನಂದೇ ಸರ್," ಎಂದೆ. ಬೈಗುಳಕ್ಕೆ ತಯಾರಾಗಿಯೇ ಇದ್ದೆ.

"ತೇಯೋದಕ್ಕಿಂತ ಮೊದ್ಲ ಗೊತ್ತಾತಲ್ರೀ, ಸಾಕು. ನಾಳೆ ನೀವೇ ಹೋಗಿ ನೋಡ್ಕೊಂಡು ಬರ್ರಿ."

ಸೋಮವಾರ ಬೆಳಿಗ್ಗೆ ರ್ಯಾಂಚೊ ಪೆನಾಸ್ಕಿಟೋಸ್‌ನ ಮನೆಯಿಂದ ಹೊರಟು, ಎರಡು ಗಂಟೆ ಕಾರು ಓಡಿಸಿ ಶಾಪ್ ತಲುಪಿದಾಗ ಪ್ರೆಸ್ ಆಗಲೇ ಓಡುತ್ತಿತ್ತು. ಆಕೆ ಶೀಟಿಗೆ ಎಣ್ಣೆ ಸವರಿ ಒಳಗಿಟ್ಟಳು. ಧಡ್ ಎಂದು ಒಂದು ಸದ್ದು, ಅಷ್ಟೇ. ಇನ್ನೂ ಬೆಚ್ಚಗಿದ್ದ ಮುಚ್ಚಳವನ್ನು ನನ್ನ ಕೈಗಿಟ್ಟಳು. ಮೂಲೆಯ ಮೇಲೆ ಬೆರಳಾಡಿಸಿದೆ. ಒಂದು ಸೀಳೂ ಇರಲಿಲ್ಲ.

"ಅವತ್ತು ಹಾಗೆ ಮಾತಾಡಬಾರದಿತ್ತು, ಸಾರಿ," ಎಂದೆ.

ಆಕೆ ನನ್ನನ್ನು ಶಾಪಿನ ಮೂಲೆಯಲ್ಲಿದ್ದ ಕಪಾಟಿನ ಹತ್ತಿರ ಕರೆದೊಯ್ದಳು. ಅಲ್ಲಿ ಹರಿದ ಶೀಟುಗಳನ್ನೇ ಕೂಡಿಟ್ಟಿದ್ದಳು. ಒಂದೊಂದನ್ನೂ ತೆಗೆದು, ಇದು ಎಣ್ಣೆ ಸಾಲದೆ ಹೋದದ್ದು, ಇದು ಅಂಚನ್ನು ಹಿಡಿದ ಬಿಗಿ ಹೆಚ್ಚಾಗಿ ಹೋದದ್ದು ಎಂದು ತೋರಿಸತೊಡಗಿದಳು. ನಾನು ನೋಟ್‌ಬುಕ್ ತೆಗೆದೆ. ಊಟದ ಹೊತ್ತು ದಾಟಿದ್ದು ಇಬ್ಬರಿಗೂ ತಿಳಿಯಲಿಲ್ಲ.